ಹೊಳೆ ದಾಟಿದ ಮೇಲೆ

ಸಂಸಾರ ನಡೆಸುವ ನಮಗೆಲ್ಲ ಬಾಯಿಪಾಠವಾಗಿರುವ ಪ್ರಶ್ನೆ ಒಂದಿದೆ: ‘ಇದರಿಂದ ಏನು ಉಪಯೋಗ?’ ಅಂಗಡಿಯಲ್ಲಿ ಹೊಸ ಪಾತ್ರೆಯನ್ನು ಕೈಗೆತ್ತಿಕೊಂಡಾಗ ಕೇಳುತ್ತೇವೆ. ಅಟ್ಟ ಗುಡಿಸುವಾಗ ಕೇಳುತ್ತೇವೆ. ಮಕ್ಕಳು ಯಾವುದೋ ಹೊಸ ಕೋರ್ಸಿಗೆ ಸೇರುತ್ತೇವೆಂದಾಗಲೂ ಕೇಳುತ್ತೇವೆ. ಕೇಳುವುದರಲ್ಲಿ ತಪ್ಪಿಲ್ಲ. ಹಳೆಯ ಸೀರೆ ಹೊದಿಕೆಯಾಗಿ, ಹೊದಿಕೆ ಒರೆಸುವ ಬಟ್ಟೆಯಾಗಿ, ರಾತ್ರಿ ಮಿಕ್ಕ ಅನ್ನ ಬೆಳಿಗ್ಗೆ ಚಿತ್ರಾನ್ನವಾಗಿ ನಮ್ಮ ಮನೆಗಳು ನಡೆದು ಬಂದಿರುವುದೇ ಈ ಪ್ರಶ್ನೆಯ ಬಲದಿಂದ. ಇದನ್ನು ಕೇಳದವಳ ಮನೆ ತಿಂಗಳ ಇಪ್ಪತ್ತನೆಯ ತಾರೀಖಿಗೇ ಸಾಲಕ್ಕೆ ಕೈಚಾಚಬೇಕಾಗುತ್ತದೆ.

ಆದರೆ ಈ ಪ್ರಶ್ನೆಯನ್ನು ಎಲ್ಲಿಯವರೆಗೆ ಕೇಳಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ. ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ’ ಎಂಬ ಗಾದೆಯನ್ನು ನಾವು ಕೃತಘ್ನರನ್ನು ಬೈಯಲು ಬಳಸುತ್ತೇವೆ. ಆದರೂ ದಿನವೂ ನಾವು ಮಾಡುವುದು ಅದನ್ನೇ. ಕೆಲಸ ಮುಗಿದದ್ದನ್ನು ಮೂಲೆಗೆ ಸರಿಸುತ್ತೇವೆ. ಸರಿಸದೆ ಬದುಕಲೂ ಆಗುವುದಿಲ್ಲ. ಹಾಗಾದರೆ ನಮ್ಮನ್ನು ದಾಟಿಸಿ, ಈಗ ಸುಮ್ಮನೆ ನಿಂತಿರುವುದಕ್ಕೆ ನಾವು ಕೊಡಬೇಕಾದದ್ದು ಏನಾದರೂ ಇದೆಯೆ, ಇಲ್ಲವೆ? ಈ ಯೋಚನೆ ನನಗೆ ಗಟ್ಟಿಯಾಗಿ ಹಿಡಿದದ್ದು ಮೈಸೂರಿನಿಂದ ನಂಜನಗೂಡಿನವರೆಗೆ ಸೈಕಲ್ಲಿನಲ್ಲಿ ಹೋದ ಒಂದು ದಿನ.

ಹೋದದ್ದು ನಾನು ಮತ್ತು ನನ್ನ ತಂಗಿಯ ಮಗಳು. ಅವಳಿಗೆ ಹಳೆಯ ರೈಲು ಹಾದಿಗಳ ಹುಚ್ಚು. ನನಗೆ ಸೈಕಲ್ಲಿನ ಹಳೆಯ ಹುಚ್ಚು. ದೂರ ಹೆಚ್ಚೇನಲ್ಲ, ಇಪ್ಪತ್ತನಾಲ್ಕು ಇಪ್ಪತ್ತೈದು ಕಿಲೋಮೀಟರು. ಅವಸರವಿದ್ದವರು ಬಸ್ಸಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಹೋಗುತ್ತಾರೆ. ನಾವು ಹೆದ್ದಾರಿಯನ್ನು ಆದಷ್ಟೂ ಬಿಟ್ಟು, ಹಳಿಗೆ ಹತ್ತಿರವಿದ್ದ ಊರದಾರಿಗಳನ್ನು ಹಿಡಿದು, ಸಿಕ್ಕ ಸಿಕ್ಕ ಸ್ಟೇಷನ್ನಿನಲ್ಲಿ ಇಳಿದು, ಬೆಳಿಗ್ಗೆ ಆರಕ್ಕೆ ಹೊರಟವರು ಹನ್ನೊಂದಕ್ಕೆ ತಲುಪಿದೆವು. ಅವರೆಕಾಯಿಯ ಕಾಲ. ಗಾಳಿಯಲ್ಲಿ ಸೊಗಡಿನ ವಾಸನೆ ತೇಲಿ ಬರುತ್ತಿತ್ತು.

ದಾರಿಯುದ್ದಕ್ಕೂ ನಮ್ಮನ್ನು ಜನ ಕೇಳಿದ್ದು ಒಂದೇ. “ಯಾಕವ್ವಾ, ಬಸ್ಸು ಸಿಗ್ನಿಲ್ವಾ?” ಎಂದು ಕಡಕೊಳದ ಬಳಿ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ನಿಜವಾದ ಕನಿಕರದಿಂದ ಕೇಳಿದಳು. ಸುಮ್ಮನೆ ಹೋಗುತ್ತಿದ್ದೇವೆ, ರೈಲು ಸ್ಟೇಷನ್ನು ನೋಡಲು ಎಂದೆ. ಅವಳಿಗೆ ಅದು ಉತ್ತರವೆನಿಸಲಿಲ್ಲ. “ಯಾರ್ ಬತ್ತಾವ್ರೆ ರೈಲಲ್ಲಿ?” ಎಂದಳು. ಯಾರೂ ಬರುತ್ತಿಲ್ಲ ಎಂದಾಗ ನನ್ನ ನರೆತ ತಲೆಯನ್ನೊಮ್ಮೆ, ಸೈಕಲ್ಲನ್ನೊಮ್ಮೆ ನೋಡಿ, ಏನೂ ಹೇಳದೆ ಹೊರೆ ಸರಿಮಾಡಿಕೊಂಡು ಹೋದಳು. 2006–07ರಲ್ಲಿ ಸರ್ಕಾರ ಶಾಲೆಯ ಮಕ್ಕಳಿಗೆ ಸೈಕಲ್ ಕೊಡಲು ತೊಡಗಿದ ಮೇಲೆ ಹಳ್ಳಿಯ ಹಾದಿಗಳಲ್ಲಿ ಹೆಣ್ಣುಮಕ್ಕಳು ಗುಂಪಾಗಿ ಸೈಕಲ್ ತುಳಿಯುವುದು ಎಲ್ಲರ ಕಣ್ಣಿಗೂ ರೂಢಿಯಾಯಿತು. ಏಕೆಂದರೆ ಅವರು ಶಾಲೆಗೆ ಹೋಗುವವರು. ಕೆಲಸವಿಲ್ಲದೆ ಹೊರಟ ಹೆಂಗಸು ಮಾತ್ರ ಇನ್ನೂ ಒಗಟೇ. ಗಂಡಸು ಅರಳಿಕಟ್ಟೆಯ ಮೇಲೆ ಮಧ್ಯಾಹ್ನವಿಡೀ ಕುಳಿತರೂ ಯಾರೂ ‘ಏನು ಉಪಯೋಗ’ ಎಂದು ಕೇಳುವುದಿಲ್ಲ. ಹೆಣ್ಣು ಕಾಲು ಗಂಟೆ ಸುಮ್ಮನೆ ಕುಳಿತರೆ ಕೈಗೊಂದು ಹೂಕಟ್ಟುವ ದಾರವಾದರೂ ಬೇಕು.

ಈ ರೈಲು ಹಾದಿಯ ಕತೆ ಸ್ವಲ್ಪ ಹೇಳಬೇಕು. ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ರೈಲು ಬಂದದ್ದು 1882ರಲ್ಲಿ. ಅದರ ಕೆಲಸ ಶುರುವಾದದ್ದು 1876–78ರ ಮಹಾಕ್ಷಾಮದ ದಿನಗಳಲ್ಲಿ, ಹಸಿದವರಿಗೆ ಕೂಲಿ ಕೊಡುವ ಕಾಮಗಾರಿಯಾಗಿ. ಕ್ಷಾಮದ ಕಾಮಗಾರಿಗಳಲ್ಲಿ ಮಣ್ಣಿನ ಮಂಕರಿ ಹೊತ್ತವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಅವರ ಹೆಸರು ಯಾವ ಸ್ಟೇಷನ್ನಿನ ಗೋಡೆಯ ಮೇಲೂ ಇಲ್ಲ. ಮೈಸೂರಿನಿಂದ ನಂಜನಗೂಡಿಗೆ ಹಳಿ ಮುಂದುವರಿದದ್ದು 1891ರಲ್ಲಿ, ಅಲ್ಲಿಂದ ಚಾಮರಾಜನಗರಕ್ಕೆ 1926ರಲ್ಲಿ. ಚಾಮರಾಜಪುರಂ, ಅಶೋಕಪುರಂ, ಕಡಕೊಳ, ತಾಂಡವಪುರ, ಸುಜಾತಪುರಂ ಎಂದು ಸಣ್ಣ ಸಣ್ಣ ನಿಲ್ದಾಣಗಳು. ಶ್ರೀಕಂಠೇಶ್ವರನ ದರ್ಶನಕ್ಕೆ, ಹುಣ್ಣಿಮೆಯ ಸ್ನಾನಕ್ಕೆ, ಹರಕೆಯ ಮುಡಿಗೆ ಹೋಗುವವರಿಗೆ ಇದು ಮನೆಯ ಬಂಡಿಯಷ್ಟು ಸಲಿಗೆಯ ರೈಲು.

ನಾವು ನೋಡಬೇಕೆಂದು ಹೊರಟದ್ದು ಕಬಿನಿ ಹೊಳೆಯ ಮೇಲಿನ ಹಳೆಯ ಸೇತುವೆಯನ್ನು. ಅದನ್ನು ಕಟ್ಟಿಸಿದ್ದು 1735ರಲ್ಲಿ, ಮೈಸೂರಿನ ದಳವಾಯಿ ದೇವರಾಜಯ್ಯ. ಆ ಇಸವಿಯನ್ನು ಸ್ವಲ್ಪ ನಿಂತು ಯೋಚಿಸಿ. ಬೊಂಬಾಯಿಯಿಂದ ಠಾಣೆಗೆ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟದ್ದು 1853ರಲ್ಲಿ. ಇಂಗ್ಲೆಂಡಿನಲ್ಲಿ ಸ್ಟೀಫನ್‌ಸನ್ನನ ಉಗಿಬಂಡಿ ಜನರನ್ನು ಎಳೆದದ್ದು 1825ರಲ್ಲಿ. ಅದಕ್ಕೂ ತೊಂಬತ್ತು ವರ್ಷ ಮೊದಲು, ರೈಲೆಂಬ ಪದಾರ್ಥವೇ ಜಗತ್ತಿನಲ್ಲಿ ಇಲ್ಲದಾಗ, ಎತ್ತಿನ ಗಾಡಿಗೂ ಕುದುರೆಗೂ ಯಾತ್ರಿಕರಿಗೂ ಎಂದು ಕಟ್ಟಿದ ಕಲ್ಲಿನ ಸೇತುವೆ ಇದು. ನೂರೈವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಹಳಿ ಹಾಕಲು ಬಂದ ಎಂಜಿನಿಯರುಗಳು ಹೊಸದನ್ನು ಕಟ್ಟದೆ ಇದರ ಮೇಲೆಯೇ ರೈಲು ಓಡಿಸಿದರು. ಒಂದು ಪಕ್ಕ ಹಳಿ, ಇನ್ನೊಂದು ಪಕ್ಕ ರಸ್ತೆ. ಕೆಳಗೆ ಒತ್ತೊತ್ತಾಗಿ ನಿಂತ ಚೂಪು ಕಮಾನುಗಳು. ಒಂದು ಶತಮಾನಕ್ಕೂ ಮೀರಿ ಅದು ರೈಲನ್ನು ಹೊತ್ತಿತು. ಹತ್ತಾರು ವಾಹನಗಳ ಕಾಲ ಬಂದು ಹೋಯಿತು. ಕೊನೆಗೆ ಈ ಶತಮಾನದ ಮೊದಲ ದಶಕದಲ್ಲಿ ಹಾದಿ ಬ್ರಾಡ್‌ಗೇಜ್ ಆಗುವಾಗ ಪಕ್ಕದಲ್ಲಿ ಹೊಸ ಸೇತುವೆ ಕಟ್ಟಿ, ಹಳೆಯದಕ್ಕೆ ವಿಶ್ರಾಂತಿ ಕೊಟ್ಟರು. ಕೆಡವದೆ ಉಳಿಸಿಕೊಂಡರು.

ಸೈಕಲ್ಲನ್ನು ಒರಗಿಸಿ ದಡದಲ್ಲಿ ಕುಳಿತಾಗ ಹೊಸ ಸೇತುವೆಯ ಮೇಲೆ ಒಂದು ರೈಲು ಹೋಯಿತು. ಹಳೆಯದು ಅದರ ಸದ್ದನ್ನು ಕೇಳುತ್ತ ನಿಂತಂತೆ ನನಗೆ ಕಂಡಿತು. ಹೀಗೆ ಕಲ್ಲಿಗೆ ಕಿವಿ ಕೊಡುವುದು ನನ್ನಂಥವರ ದುರ್ಬಲತೆ ಎಂದು ಗೊತ್ತು. ನನ್ನ ತಂಗಿಯ ಮಗಳು ಅದನ್ನು ತಕ್ಷಣ ಹಿಡಿದಳು.

“ದೊಡ್ಡಮ್ಮ, ನೀವು ಈಗ ಮೀಟರ್ ಗೇಜ್ ಹೋಯಿತಲ್ಲ ಅಂತ ಅಳಬೇಡಿ” ಎಂದಳು. ಹಳೆಯ ರೈಲನ್ನು ನನಗಿಂತ ಹೆಚ್ಚು ಪ್ರೀತಿಸುವವಳು ಅವಳು. ಆದರೂ ಅವಳ ಮಾತು ಸರಿಯಾಗಿತ್ತು. ಮೀಟರ್ ಗೇಜಿನಲ್ಲಿ ಎರಡು ಹಳಿಗಳ ನಡುವಿನ ಅಂತರ ಒಂದು ಮೀಟರು. ಬ್ರಾಡ್‌ಗೇಜಿನಲ್ಲಿ 1,676 ಮಿಲಿಮೀಟರು, ನಮ್ಮ ಲೆಕ್ಕದಲ್ಲಿ ಐದೂವರೆ ಅಡಿ. 1992ರಲ್ಲಿ ಯೂನಿಗೇಜ್ ಯೋಜನೆ ಬಂದು ಬೆಂಗಳೂರು–ಮೈಸೂರು ಹಾದಿ ಅಗಲವಾದ ಮೇಲೆ ಈ ಕಡೆಯ ತುಂಡು ಹಾದಿ ಒಂಟಿಯಾಗಿ ಉಳಿಯಿತು. ಇಲ್ಲಿಯ ಗಾಡಿ ಅಲ್ಲಿಗೆ ಹೋಗದು, ಅಲ್ಲಿಯದು ಇಲ್ಲಿಗೆ ಬಾರದು. ಕಂಕುಳಲ್ಲಿ ಮಗು, ತಲೆಯ ಮೇಲೆ ಗಂಟು ಇಟ್ಟುಕೊಂಡು ಮೈಸೂರಿನಲ್ಲಿ ಗಾಡಿ ಬದಲಿಸುವವರು ಬಡ ಹೆಂಗಸರೇ ತಾನೆ? ಇಂದು ಚಾಮರಾಜನಗರದಲ್ಲಿ ಹತ್ತಿದವರು ನೇರವಾಗಿ ತಿರುಪತಿಯಲ್ಲಿ ಇಳಿಯಬಹುದು. “ಹಳೆಯದು ಚೆಂದ ಅನ್ನೋದು ಅದರಲ್ಲಿ ಕಷ್ಟಪಡದವರು” ಎಂದಳು. ಒರಳುಕಲ್ಲಿನ ಚಟ್ನಿಯ ರುಚಿಯನ್ನು ಹೊಗಳುವವರಲ್ಲಿ ರುಬ್ಬಿದವರು ಕಡಿಮೆ ಎಂಬುದು ನನಗೂ ಗೊತ್ತಿದ್ದ ಸತ್ಯ. ಒಪ್ಪಿದೆ.

ಆದ್ದರಿಂದ ನನ್ನ ಪ್ರಶ್ನೆ ಹೊಸದು ಬರಬೇಕೆ ಬೇಡವೆ ಎಂಬುದಲ್ಲ. ಬರಲೇಬೇಕು. ಬಂದ ಮೇಲೆ ಹಳೆಯದರ ಸ್ಥಾನವೇನು ಎಂಬುದು.

ಇದಕ್ಕೆ ಸಾಮಾನ್ಯವಾಗಿ ಕೊಡುವ ಮೊದಲ ಉತ್ತರ, ‘ಮುಂದೆ ಎಂದಾದರೂ ಉಪಯೋಗಕ್ಕೆ ಬರಬಹುದು’ ಎಂಬುದು. ನಮ್ಮ ಅಟ್ಟಗಳು ತುಂಬಿರುವುದೇ ಈ ಉತ್ತರದಿಂದ. ಈ ಸೇತುವೆ ಆ ಮಾತಿಗೆ ಒಳ್ಳೆಯ ಸಾಕ್ಷಿಯನ್ನೂ ಹೇಳುತ್ತದೆ. ಎತ್ತಿನ ಗಾಡಿಗೆಂದು ಕಟ್ಟಿದ್ದು ಉಗಿಬಂಡಿಗೆ ಒದಗಿತು. ನಂಜನಗೂಡಿನ ರಸಬಾಳೆಯ ಕತೆಯೂ ಹಾಗೆಯೇ. ಸೊರಗುರೋಗ ತಗುಲಿ, ಲಾಭವಿಲ್ಲವೆಂದು ಬೆಳೆಗಾರರು ಕೈಬಿಟ್ಟು, ಇನ್ನೇನು ಇಲ್ಲವಾಯಿತು ಎನ್ನುವಾಗ ಅಲ್ಲೊಬ್ಬ ಇಲ್ಲೊಬ್ಬ ರೈತರ ತೋಟದಲ್ಲಿ ಉಳಿದ ಕಂದುಗಳೇ ತಳಿಯನ್ನು ಉಳಿಸಿದವು. ಈಗ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ, ಕೊಳ್ಳುವವರಿದ್ದಾರೆ.

ಆದರೆ ಸ್ವಲ್ಪ ಆಳಕ್ಕೆ ಇಳಿದರೆ ಈ ಉತ್ತರ ಪ್ರಶ್ನೆಯನ್ನು ಮುಂದಕ್ಕೆ ತಳ್ಳುತ್ತದೆ, ಅಷ್ಟೆ. ಇಂದಿನ ಉಪಯೋಗದ ಬದಲು ನಾಳೆಯ ಉಪಯೋಗವನ್ನು ತೋರಿಸಿ ಹಳೆಯದಕ್ಕೆ ಜಾಮೀನು ಕೊಡಿಸುತ್ತದೆ. ನಾಳೆಯೂ ಉಪಯೋಗಕ್ಕೆ ಬಾರದು ಎಂದು ಖಚಿತವಾದರೆ? ಹಳೆಯ ಸೇತುವೆಯ ಮೇಲೆ ಇನ್ನು ರೈಲು ಓಡುವುದಿಲ್ಲ. ಆಗ ಜಾಮೀನು ರದ್ದು.

ಎರಡನೆಯ ಉತ್ತರ, ಅದನ್ನು ಅಲಂಕಾರವಾಗಿ ಇಟ್ಟುಕೊಳ್ಳುವುದು. ಮೈಸೂರಿನ ರೈಲ್ವೆ ಮ್ಯೂಸಿಯಮ್ಮನ್ನು ನೀವು ನೋಡಿರಬಹುದು. 1979ರಲ್ಲಿ ಆರಂಭವಾದದ್ದು. ಅಲ್ಲಿ 1899ರ ಕಾಲದ ಮಹಾರಾಣಿಯವರ ಸಲೂನ್ ಗಾಡಿ ಇದೆ. ಅಡುಗೆಮನೆ, ಊಟದ ಕೋಣೆ, ಸ್ನಾನದ ಮನೆ ಎಲ್ಲವೂ ಇರುವ ಓಡುವ ಅರಮನೆ ಅದು. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬೇಕಾದದ್ದೇ. ಆದರೆ ಅದೇ ಕಾಲದಲ್ಲಿ ಮೂರನೆಯ ದರ್ಜೆಯ ಮರದ ಬೆಂಚಿನ ಮೇಲೆ ಮಡಿಲಲ್ಲಿ ಬುತ್ತಿ ಇಟ್ಟುಕೊಂಡು ಹೋದ ಹೆಂಗಸಿನ ಜಾಗವನ್ನು ಯಾರೂ ಅಷ್ಟು ಜತನದಿಂದ ಎತ್ತಿಡುವುದಿಲ್ಲ. ಉಳಿಸುವ ಕೈಗೂ ಪಕ್ಷಪಾತವಿದೆ; ಅದು ಹೊಳೆಯುವುದನ್ನು ಮೊದಲು ಎತ್ತಿಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿಯೂ ಇದೇ. ಅಜ್ಜಿ ನೀರು ಕಾಯಿಸುತ್ತಿದ್ದ ತಾಮ್ರದ ಹಂಡೆ ಹುಣಸೆಹಣ್ಣಿನಿಂದ ಬೆಳಗಿಸಿಕೊಂಡು ಈಗ ಹಾಲ್‌ನಲ್ಲಿ ಸೋಫಾದ ಪಕ್ಕಕ್ಕೆ ಬಂದಿದೆ, ಅದರೊಳಗೆ ಪ್ಲಾಸ್ಟಿಕ್ ಹೂವು. ಹಂಡೆಗೆ ಗೌರವ ಸಿಕ್ಕಿತು ಎನ್ನಬಹುದೆ? ನನಗೆ ಸಂದೇಹ. ಏಕೆಂದರೆ ಇದೇ ರೀತಿಯಲ್ಲಿ ಹಬ್ಬದ ದಿನ ಮನೆಯ ಹಿರಿಯರಿಗೆ ರೇಷ್ಮೆ ಸೀರೆ ಉಡಿಸಿ, ನಡುವೆ ಕೂರಿಸಿ, ಎಲ್ಲರೂ ಸುತ್ತ ನಿಂತು ಫೋಟೋ ತೆಗೆಸಿಕೊಂಡು, ಸಂಜೆಗೆ ಮತ್ತೆ ಅವರನ್ನು ಹಿಂದಿನ ಕೋಣೆಗೆ ಬಿಟ್ಟುಬರುವ ಮನೆಗಳನ್ನು ನಾನು ಕಂಡಿದ್ದೇನೆ. ಅಲಂಕಾರವೂ ಒಂದು ಉಪಯೋಗವೇ. ಮನೆಯ ಘನತೆಗೆ ಹಳೆಯ ಹಂಡೆ ಬೇಕು, ಹಳೆಯ ಜೀವವೂ ಬೇಕು, ಎಷ್ಟು ಹೊತ್ತು ಎಂದರೆ ಫೋಟೋ ಮುಗಿಯುವ ತನಕ.

ಇಲ್ಲಿಗೆ ಬಂದ ಮೇಲೆ ನಮ್ಮ ಅತ್ತೆಯವರ ಮಾತು ಹೇಳದೆ ಇರಲಾಗದು. ಅವರಿಗೆ ಎಂಬತ್ತೇಳು. ಹನ್ನೆರಡು ಜನರ ಮನೆಗೆ ನಲವತ್ತು ವರ್ಷ ಎರಡು ಹೊತ್ತು ಅಡುಗೆ ಮಾಡಿದವರು. ಮೂರು ಬಾಣಂತನ ಮಾಡಿಸಿಕೊಂಡು ಹನ್ನೊಂದು ಬಾಣಂತನ ಮಾಡಿದವರು. ಈಗ ಮಂಡಿ ಏಳಲೊಲ್ಲದು, ಕಣ್ಣು ಮಂಜು. ಅವರೆಕಾಯಿ ಸುಲಿಯಲು ಕೊಟ್ಟರೆ ಕಾಳಿನ ಜೊತೆ ಹುಳುವೂ ಬೀಳುತ್ತದೆ, ಅದು ಅವರಿಗೇ ತಿಳಿದು ಬುಟ್ಟಿಯನ್ನು ದೂರ ತಳ್ಳುತ್ತಾರೆ. ವಾರಕ್ಕೆ ಎರಡು ಸಲವಾದರೂ ಅವರ ಬಾಯಲ್ಲಿ ಬರುವ ಮಾತು: “ಇನ್ನು ನನ್ನಿಂದ ಯಾರಿಗೆ ಏನು ಉಪಯೋಗ?”

ಮನೆಯಲ್ಲಿ ಎಲ್ಲರೂ ಇದಕ್ಕೆ ಉತ್ತರ ಕೊಡುತ್ತಾರೆ. ‘ನಿಮ್ಮ ಆಶೀರ್ವಾದ ಸಾಲದೆ?’ ಎನ್ನುತ್ತಾನೆ ಒಬ್ಬ ಮಗ. ‘ಮನೆಗೆ ಕಾವಲು ನೀವೇ ಅಲ್ಲವೆ?’ ಎನ್ನುತ್ತಾನೆ ಇನ್ನೊಬ್ಬ. ಪ್ರೀತಿಯ ಮಾತುಗಳೇ. ಆದರೆ ಗಮನಿಸಿ, ಇವು ಅವರ ಪ್ರಶ್ನೆಯನ್ನು ಒಪ್ಪಿಕೊಂಡೇ ಹುಟ್ಟಿದ ಉತ್ತರಗಳು. ಇರಬೇಕಾದರೆ ಉಪಯೋಗ ಇರಬೇಕು, ಅದಕ್ಕೇ ಒಂದು ಉಪಯೋಗವನ್ನು ಹುಡುಕಿ ಕೊಡುತ್ತಿದ್ದೇವೆ ಎಂದಂತಾಯಿತು. ಇಷ್ಟು ವರ್ಷ ಮನೆ ನಡೆಸಿದವರಿಗೆ ಲೆಕ್ಕ ಬರುವುದಿಲ್ಲವೆ? ಕಣ್ಣು ಕಾಣದವರು ಎಂಥ ಕಾವಲು ಎಂದು ಅವರಿಗೆ ಗೊತ್ತಿಲ್ಲವೆ?

ನಂಜನಗೂಡಿನಿಂದ ಬಂದ ಮರುದಿನ ಅವರು ಮತ್ತೆ ಅದೇ ಮಾತಾಡಿದಾಗ ನಾನು, “ಉಪಯೋಗ ಯಾಕೆ ಬೇಕು ಅತ್ತೆ? ನೀವಿದ್ದೀರಲ್ಲ, ಅಷ್ಟು ಸಾಕು” ಎಂದೆ. ನಿಜವಾದ ಉತ್ತರ ಸಿಕ್ಕಿತೆಂದೇ ನಂಬಿ ಹೇಳಿದ್ದೆ. ಅವರು ನಕ್ಕರು. “ನೀನು ಓದಿದವಳು, ಹಾಗೆ ಹೇಳ್ತೀಯ. ನಿನ್ನ ಸರದಿ ಬಂದಾಗ ನಿನಗೆ ನೀನೇ ಹೇಳಿಕೋ, ನೋಡೋಣ” ಎಂದರು.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಅವರು ಹೇಳಿದ್ದರಲ್ಲಿ ಈ ಇಡೀ ಪ್ರಶ್ನೆಯ ಗಂಟು ಇದೆ. ಬೇರೆಯವರಿಗೆ ‘ನೀವು ಇದ್ದರೆ ಸಾಕು’ ಎನ್ನುವುದು ಸುಲಭ. ನಮಗೆ ನಾವೇ ಹಾಗೆ ಹೇಳಿಕೊಳ್ಳುವುದು ಹೆಣ್ಣಿಗೆ ಬಹಳ ಕಷ್ಟ. ಹುಟ್ಟಿದಂದಿನಿಂದ ನಮ್ಮ ಬೆಲೆಯನ್ನು ಕೈಗೆಲಸದಲ್ಲಿಯೇ ಅಳೆದಿದ್ದಾರೆ, ನಾವೂ ಅಳೆದುಕೊಂಡಿದ್ದೇವೆ. ‘ಅಚ್ಚುಕಟ್ಟಿನ ಹುಡುಗಿ’ ಎಂಬುದು ನಮಗೆ ಸಿಕ್ಕ ಮೊದಲ ಹೊಗಳಿಕೆ. ಕೈ ನಿಂತ ದಿನ ಆ ಅಳತೆಗೋಲು ನಮ್ಮ ಕಡೆಗೇ ತಿರುಗುತ್ತದೆ. ಮನೆಯವರು ಎಷ್ಟೇ ಒಳ್ಳೆಯವರಾಗಿರಲಿ, ಒಳಗಿನಿಂದ ಕೇಳುವ ದನಿಗೆ ಅವರು ಏನು ಮಾಡಲಾದೀತು?

ಹಾಗಾದರೆ ಕಲ್ಲಿನ ಸೇತುವೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಕಲ್ಲಿಗೆ ನೋವಿಲ್ಲ, ಕೆಡವಿದರೆ ಅದಕ್ಕೇನೂ ಅನ್ಯಾಯವಾಗದು. ಅದನ್ನು ಕಟ್ಟಿಸಿದವರು ಪುಣ್ಯಪುರುಷರು ಎಂದೂ ನಾನು ಹೇಳಲಾರೆ. ಸೇತುವೆಯ ಹಿಂದಿನ ವರ್ಷವೇ, 1734ರಲ್ಲಿ, ಇದೇ ದಳವಾಯಿಗಳು ಅಂದಿನ ಚಾಮರಾಜ ಒಡೆಯರನ್ನು ಪಟ್ಟದಿಂದಿಳಿಸಿ ಕಬ್ಬಾಳದುರ್ಗದ ಸೆರೆಗೆ ಕಳಿಸಿ, ಎಳೆಯ ಕೃಷ್ಣರಾಜ ಒಡೆಯರನ್ನು ಕೂರಿಸಿ ಅಧಿಕಾರವನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡವರು. ಸೇತುವೆಯನ್ನು ಉಳಿಸುವುದು ಅವರಿಗೆ ಕೈಮುಗಿಯುವುದಕ್ಕಲ್ಲ.

ಸಂಬಂಧ ಬೇರೆ ಇದೆ. ನಮ್ಮ ಕಣ್ಣೆದುರು ಕೆಲವಾದರೂ ವಸ್ತುಗಳು ಕೆಲಸ ಮುಗಿದ ಮೇಲೂ ಸುಮ್ಮನೆ ನಿಂತಿರಬೇಕು, ಅವುಗಳಿಗೆ ಜಾಗ ಬಿಟ್ಟು ನಾವು ಪಕ್ಕದಲ್ಲಿ ಓಡಾಡುತ್ತಿರಬೇಕು. ಹಾಗಿದ್ದರೆ ‘ಕೆಲಸವಿಲ್ಲದ್ದಕ್ಕೆ ಜಾಗವಿಲ್ಲ’ ಎಂಬುದು ಸೃಷ್ಟಿಯ ನಿಯಮವಲ್ಲ, ನಾವೇ ಮಾಡಿಕೊಂಡ ಲೆಕ್ಕ ಎಂಬುದು ಮಕ್ಕಳ ಕಣ್ಣಿಗೆ ಬೀಳುತ್ತದೆ. ಎಲ್ಲ ಹಳೆಯದನ್ನೂ ಕೆಡವುವ ಊರಿನಲ್ಲಿ ಬೆಳೆದ ಮಗುವಿಗೆ ಅಜ್ಜಿಯೇಕೆ ಇರಬೇಕೆಂದು ಮಾತಿನಲ್ಲಿ ಕಲಿಸುವುದು ಕಷ್ಟ.

ಎಲ್ಲವನ್ನೂ ಉಳಿಸಲಾಗದು ಎಂಬುದನ್ನೂ ಹೇಳಬೇಕು. ಒಂದೂವರೆ ಕೋಣೆಯ ಮನೆಯಲ್ಲಿ ಸಂಸಾರ ಮಾಡುವವಳಿಗೆ ಒರಳು, ಬೀಸುವ ಕಲ್ಲು, ತೊಟ್ಟಿಲು ಎಲ್ಲವನ್ನೂ ಇಟ್ಟುಕೋ ಎನ್ನುವುದು ಕ್ರೌರ್ಯ. ವಸ್ತುಗಳಲ್ಲಿ ಆಯ್ಕೆ ಮಾಡಲೇಬೇಕು. ಕೊಡುವಾಗ ಅದು ಮಾಡಿದ ಕೆಲಸವನ್ನು ಒಂದು ಮಾತು ನೆನೆದು ಕೊಟ್ಟರೆ ಸಾಕು. ಮನುಷ್ಯರಲ್ಲಿ ಮಾತ್ರ ಆ ಆಯ್ಕೆ ನಮ್ಮದಲ್ಲ.

ಉಳಿಸಿಕೊಂಡದ್ದಕ್ಕೆ ಏನು ಮಾಡಬೇಕೆಂಬುದನ್ನೂ ಆ ಸೇತುವೆಯೇ ತೋರಿಸಿತು. ಕಲ್ಲಿನ ಸಂದಿಯಲ್ಲಿ ಒಂದು ಅರಳಿಯ ಸಸಿ ಚಿಗುರಿತ್ತು, ಗೇಣುದ್ದ. ನೋಡಲು ಚೆಂದವೇ. ಆದರೆ ಅದನ್ನು ಹಾಗೇ ಬಿಟ್ಟರೆ ಬೇರು ಇಳಿದು, ಗಾರೆ ಸಡಿಲಿ, ಹೊಳೆಯ ಪ್ರವಾಹ ಮಾಡಲಾಗದ್ದನ್ನು ಆ ಸಸಿ ಮಾಡುತ್ತದೆ. 2019ರ ಆಗಸ್ಟಿನಲ್ಲಿ ಕಬಿನಿ ಉಕ್ಕಿ ಮೈಸೂರು–ನಂಜನಗೂಡು ಹೆದ್ದಾರಿಯಲ್ಲಿ ಸಂಚಾರವೇ ನಿಂತಿತ್ತು. ಆ ನೀರಿಗೂ ಈ ಕಮಾನುಗಳು ಜಗ್ಗಲಿಲ್ಲ. ಇಂಥದ್ದಕ್ಕೆ ದೀಪಾಲಂಕಾರ ಬೇಡ, ಹಾರ ಬೇಡ. ವರ್ಷಕ್ಕೆರಡು ಸಲ ಯಾರಾದರೂ ಬಂದು ಸಸಿ ಕಿತ್ತು, ಬಿರುಕಿಗೆ ಗಾರೆ ತುಂಬಿ ಹೋದರೆ ಸಾಕು. ಹಿರಿಯ ಜೀವಕ್ಕೆ ಬೇಕಾದದ್ದೂ ಇಂಥ ಸಣ್ಣ, ತಪ್ಪದ, ಯಾರೂ ಫೋಟೋ ತೆಗೆಯದ ಕೆಲಸಗಳು: ಉಗುರು ಕತ್ತರಿಸುವುದು, ಐದನೆಯ ಸಲ ಹೇಳಿದ ಕತೆಗೆ ಮೊದಲ ಸಲದಂತೆ ‘ಹೂಂ’ ಎನ್ನುವುದು.

ಇನ್ನು ಅತ್ತೆಯವರ ಸವಾಲು. ನನ್ನ ಸರದಿ ಬಂದಾಗ ನನಗೆ ನಾನೇ ಏನು ಹೇಳಿಕೊಳ್ಳುತ್ತೇನೋ ಈಗಲೇ ಹೇಳಲಾರೆ. ಆದರೆ ಅದೊಂದು ಅಭ್ಯಾಸ, ಒಂದೇ ದಿನದಲ್ಲಿ ಬರುವಂಥದ್ದಲ್ಲ ಎಂದು ಮಾತ್ರ ತಿಳಿದಿದ್ದೇನೆ. ಕೈಕಾಲು ಗಟ್ಟಿ ಇರುವಾಗಲೇ ಆಗಾಗ ಕೆಲಸವಿಲ್ಲದೆ ಹೊರಡಬೇಕು, ಏನನ್ನೂ ಕೊಳ್ಳದೆ, ಯಾರನ್ನೂ ಕರೆತರದೆ, ಒಂದು ಹರಕೆಯನ್ನೂ ತೀರಿಸದೆ ತಿರುಗಿ ಬರಬೇಕು. ಸೈಕಲ್ಲೇ ಆಗಬೇಕೆಂದಿಲ್ಲ, ಕೆರೆಯ ಏರಿಯ ಮೇಲೆ ಒಂದು ನಡಿಗೆಯಾದರೂ ಆದೀತು. ‘ಎಲ್ಲಿಗೆ?’ ಎಂದವರಿಗೆ ‘ಸುಮ್ಮನೆ’ ಎಂದು ಸಂಕೋಚವಿಲ್ಲದೆ ಹೇಳುವುದನ್ನು ಕಲಿಯಬೇಕು. ಆ ಒಂದು ಪದ ನಾಲಿಗೆಗೆ ರೂಢಿಯಾದರೆ, ಹೊಳೆ ದಾಟಿಸಿ ಮುಗಿದ ಮೇಲೆ ದಡದಲ್ಲಿ ಉಳಿಯುವ ಕಾಲಕ್ಕೆ ಸ್ವಲ್ಪ ಒದಗೀತು.